ಗಂಡು ಹಣ್ಣುನೊಣಕ್ಕೆ ತುಳಸಿ ಗಂಧ ಉಣಿಸಿ ಪರೀಕ್ಷಿಸುವ ಕ್ರಮ

ಹಣ್ಣುನೊಣದ ಸಂತತಿ ತಗ್ಗಿಸಲು, ವಿಕಿರಣ ಕೊಟ್ಟು ಬರಡು ಮಾಡಿದ ಗಂಡು ನೊಣಗಳನ್ನು ತೋಟಕ್ಕೆ ಬಿಟ್ಟರೆ ಸಾಲದು, ಕಾಡು ಗಂಡುಗಳನ್ನು ಹಿಂದೆ ಹಾಕಿ ಹೆಣ್ಣನ್ನು ಒಲಿಸಿಕೊಳ್ಳಬೇಕು. ತಲೆಮಾರುಗಟ್ಟಲೆ ಪಂಜರದಲ್ಲೇ ಬೆಳೆದ ನೊಣ ಇಲ್ಲೇ ಸೋಲುವುದು. ಅದಕ್ಕೆ ಬಲ ಕೊಡುವುದು ಗಿಡದ ಗಂಧ. ಆದರೆ ಯಾವ ನೊಣಕ್ಕೆ ಯಾವ ಗಂಧ ಎಂಬುದು ತಪ್ಪಬಾರದು. ಮೆಡಿಟರೇನಿಯನ್ ಹಣ್ಣುನೊಣಕ್ಕೆ ಶುಂಠಿ ಬೇರಿನ ಎಣ್ಣೆಯ ವಾಸನೆ ತಾಕಿದರೆ ಸಾಕು, ತಿನ್ನಬೇಕಿಲ್ಲ. ನಮ್ಮ ಮಾವು, ಪೇರಲ ಕೆಡಿಸುವ ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್ ಎಂಬ ಹಣ್ಣುನೊಣಕ್ಕೆ ಬೇಕಾದ್ದು ತುಳಸಿಯಲ್ಲೂ ಇರುವ ಮೀಥೈಲ್ ಯುಜಿನಾಲ್ ಎಂಬ ಗಂಧವಸ್ತು, ಅದನ್ನು ಅದು ತಿನ್ನಲೇಬೇಕು. ತಿಂದದ್ದು ಮೈಯೊಳಗೆ ರೂಪಾಂತರಗೊಂಡು ಗುದಗ್ರಂಥಿಯಲ್ಲಿ ಸೇರಿ, ಮುಸ್ಸಂಜೆ ಹೆಣ್ಣನ್ನು ಕರೆಯುವ ವಾಸನೆಯಾಗುತ್ತದೆ.

ವಿಕಿರಣ ಯಂತ್ರ ಕಾಲೇಜಿನಲ್ಲಿರುವುದಿಲ್ಲ. ಗಂಧದ ಪರಿಣಾಮವನ್ನು ಮಾತ್ರ ಮಾಮೂಲಿ ನೊಣಗಳಲ್ಲೇ ನೋಡಬಹುದು.

ಹೊಳಲ್ಕೆರೆ ಕಡೆಯ ಮಾವಿನ ತೋಟದಲ್ಲಿ ಉದುರಿದ, ಚುಚ್ಚು ಗುರುತಿನ ಹಣ್ಣು ಆಯ್ದು ತನ್ನಿ. ಟಬ್ಬಿನಲ್ಲಿ ಮೂರ್ನಾಲ್ಕು ಸೆಂ.ಮೀ. ಜರಡಿ ಹಿಡಿದ ಮರಳು ಹಾಸಿ, ಮೇಲೆ ಹಣ್ಣಿಟ್ಟು, ತೆಳು ಬಟ್ಟೆ ಕಟ್ಟಿ. ಹುಳುಗಳು ಮರಳಿಗಿಳಿದು ಕೋಶವಾಗುತ್ತವೆ. ಸುಮಾರು ಹತ್ತು ದಿನಕ್ಕೆ ಸೋಸಿ ತೆಗೆಯಿರಿ. ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ, ಇಲ್ಲದಿದ್ದರೆ ಕೋಶಗಳೆಲ್ಲ ಇರುವೆಯ ಪಾಲು. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಒದ್ದೆ ಗೋಣಿಚೀಲದ ಪರದೆ ಬೇಕು, ಕೋಣೆ 25–28 ಡಿಗ್ರಿಯಲ್ಲಿರಲಿ.

ನೊಣ ಹೊರಬಂದ ಮೂರ್ನಾಲ್ಕು ದಿನದೊಳಗೆ ಗಂಡು-ಹೆಣ್ಣು ಬೇರ್ಪಡಿಸಿ. ಹೊಟ್ಟೆಯ ತುದಿಯಲ್ಲಿ ಸೂಜಿಯಂತೆ ಮೊನಚಿದ್ದರೆ ಹೆಣ್ಣು. ಆಹಾರಕ್ಕೆ ಮೂರು ಪಾಲು ಸಕ್ಕರೆಗೆ ಒಂದು ಪಾಲು ಯೀಸ್ಟ್ ಹೈಡ್ರೊಲೈಸೇಟ್ (ಯೀಸ್ಟಿನ ಪ್ರೋಟೀನನ್ನು ಒಡೆದು ಮಾಡಿದ ಪುಡಿ), ಜೊತೆಗೆ ನೀರಿಗೆ ಒದ್ದೆ ಹತ್ತಿ. ಯೀಸ್ಟ್ ಬಿಟ್ಟು ಬರೀ ಸಕ್ಕರೆ ಕೊಟ್ಟರೆ ಗಂಡುಗಳು ಸೊರಗಿ, ಗಂಧದ ಪರೀಕ್ಷೆಯೇ ವ್ಯರ್ಥ.

ನೊಣ ಹೊರಬಂದ ಹದಿನಾಲ್ಕನೇ ದಿನ ಬೆಳಿಗ್ಗೆ, ಅರ್ಧದಷ್ಟು ಗಂಡುಗಳನ್ನು ಬೇರೆ ಕೋಣೆಗೆ ಒಯ್ದು, ಸೋಸುಕಾಗದಕ್ಕೆ ಒಂದೆರಡು ಹನಿ ಮೀಥೈಲ್ ಯುಜಿನಾಲ್ ಹಾಕಿ ಒಂದು ಗಂಟೆ ಇಡಿ. ಕಾಗದವನ್ನು ಮುತ್ತಿ ನೆಕ್ಕತೊಡಗುತ್ತವೆ. ಅದೇ ಕೋಣೆಯಲ್ಲಿ ಮಾಡಿದರೆ ಉಳಿದರ್ಧಕ್ಕೂ ವಾಸನೆ ಬಡಿದು ಹೋಲಿಕೆ ಕೆಡುತ್ತದೆ. ಕೈಗವಸು ಇರಲಿ, ಇದು ಕ್ಯಾನ್ಸರ್‌ಕಾರಕವೆಂಬ ಶಂಕೆಯಿರುವ ವಸ್ತು. ಗಂಡು ನೊಣವನ್ನು ಸೆಳೆದು ಹಿಡಿಯುವ ಅಂಗಡಿಯ ಮೋಹಕ ಬಲೆಯ ಬಿಲ್ಲೆ ತಂದಿಡಬೇಡಿ: ಅನೇಕದರಲ್ಲಿ ಕೀಟನಾಶಕ ಬೆರೆತಿರುತ್ತದೆ, ನೊಣಗಳೆಲ್ಲ ಅಂಗಾತ ಬೀಳುತ್ತವೆ. ತುಳಸಿ ಎಲೆ ಜಜ್ಜಿಟ್ಟರೂ ಗಂಡುಗಳು ಬರುತ್ತವೆ, ಆದರೆ ಗಿಡದಿಂದ ಗಿಡಕ್ಕೆ ಸಾರ ಬೇರೆ. ಅಳತೆಗೆ ಅದು ಒದಗದು.

ಮೂರು ದಿನ ಬಿಟ್ಟು ಪರೀಕ್ಷೆ. ಎರಡು ಗುಂಪಿನ ಗಂಡುಗಳ ಬೆನ್ನಿಗೆ ಎರಡು ಬಣ್ಣದ ಚುಕ್ಕೆ ಇಟ್ಟು, ಪ್ರತಿ ಗುಂಪಿನ 20 ಗಂಡು, ಜೊತೆಗೆ 20 ಹೆಣ್ಣನ್ನು ಸೊಪ್ಪಿನ ಟೊಂಗೆಯಿರುವ ಒಂದೇ ಪಂಜರದಲ್ಲಿ ಸಂಜೆ ಐದಕ್ಕೆ ಕಿಟಕಿ ಬಳಿ ಬಿಡಿ. ಫ್ಯಾನ್ ಬೇಡ, ಟ್ಯೂಬ್‌ಲೈಟ್ ಅಂತೂ ಬೇಡವೇ ಬೇಡ: ಬೆಳಕು ತಾನಾಗಿ ಇಳಿಯುವಾಗಲೇ ಇವು ಕೂಡುವುದು. ಕೂಡಿದ ಜೋಡಿ ಗಂಟೆಗಟ್ಟಲೆ ಬಿಡುವುದಿಲ್ಲ. ಕತ್ತಲಾದ ಮೇಲೆ ಮಂದ ಕೆಂಪು ಟಾರ್ಚ್‌ನಲ್ಲಿ ಜೋಡಿಗಳನ್ನು ಸೀಸೆಗೆ ಹಿಡಿದು ಬಣ್ಣ ಎಣಿಸಿ. ಮರುಸಲ ಬಣ್ಣ ಅದಲುಬದಲು ಮಾಡಿ, ಗೆದ್ದದ್ದು ಗಂಧವೋ ಚುಕ್ಕೆಯೋ ತಿಳಿಯಲು.

ಮುಗಿದ ಮೇಲೆ ಕಿಟಕಿ ತೆರೆದು ಬಿಟ್ಟುಬಿಡಬೇಡಿ. ಇವು ಬರಡಲ್ಲ, ಪಕ್ಕದ ಪೇರಲ ಗಿಡಕ್ಕೇ ಹೋಗುತ್ತವೆ. ಪಂಜರ ಸಮೇತ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ.