ಅಜ್ಜಿಯ ತವರು ಹುಡುಕುವವರಿಗೆ

ವಂಶವೃಕ್ಷ ಬರೆಸಲು ಬರುವವರು ಗಂಡು ಸಂತಾನದ ಐದಾರು ತಲೆಮಾರನ್ನು ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. ಅಜ್ಜನ ತಾಯಿಯ ಹೆಸರೇನು, ಆಕೆಯನ್ನು ಯಾವ ಊರಿನಿಂದ ತಂದಿದ್ದರು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ದಾವಣಗೆರೆಯಲ್ಲಿ ಉಪನೋಂದಣಿ ಕಚೇರಿಯ ಎದುರು ಪತ್ರ ಬರೆದೇ ಸಂಸಾರ ತೂಗಿಸಿದವನು ನಾನು. ಕ್ರಯಪತ್ರ, ದಾನಪತ್ರ, ಭಾಗಪತ್ರ, ಹಕ್ಕು ಬಿಡುಗಡೆ ಪತ್ರ ಎಂದು ಊರವರ ಹೆಣ್ಣುಮಕ್ಕಳ ಹೆಸರನ್ನು ಬರೆದು ಬರೆದು ಕೈ ಸವೆದ ಮೇಲೆ ನನ್ನ ಅಜ್ಜಿಯ ತಾಯಿಯನ್ನು ಹುಡುಕಲು ಕುಳಿತೆ. ಆಕೆ ತುಂಗಭದ್ರಾ ಹೊಳೆಯ ಆಚೆಯವಳು, ಗಂಡ ಸತ್ತ ಮೇಲೆ ದಾವಣಗೆರೆಗೆ ಬಂದು ಮಂಡಕ್ಕಿ ಭಟ್ಟಿಯಲ್ಲಿ ದುಡಿದಳು ಎಂಬಷ್ಟೇ ಮನೆಯಲ್ಲಿ ಉಳಿದಿದ್ದ ಮಾತು. ಅಷ್ಟು ಎಳೆ ಸಾಕು. ಹಿಡಿದು ಎಳೆಯುವುದು ಹೇಗೆ ಎಂಬುದನ್ನು ಹೇಳುತ್ತೇನೆ.

ಹಳೆಯ ಕಾಗದಗಳಲ್ಲಿ ಹೆಣ್ಣಿನ ಹೆಸರು ಮೂಡುವುದು ಬಹುಪಾಲು ಒಬ್ಬ ಗಂಡಸು ಸತ್ತಾಗ. ಅಪ್ಪ ಸತ್ತು ಅಣ್ಣತಮ್ಮಂದಿರು ಬೇರೆಯಾದಾಗ, ಗಂಡ ಸತ್ತು ಖಾತೆ ಬದಲಾದಾಗ, ಮಗ ಚಿಕ್ಕವನೆಂದು ತಾಯಿ ಅವನ ಪರವಾಗಿ ಹೆಬ್ಬೆಟ್ಟು ಒತ್ತಿದಾಗ. ಸಂಸಾರ ನೆಟ್ಟಗಿದ್ದ ವರ್ಷಗಳಲ್ಲಿ ಆಕೆ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಹಾಗಾಗಿ ಆಕೆಯ ಹೆಸರಿನ ಹಿಂದೆ ಹೋಗಬೇಡಿ. ಆಕೆಯ ಸುತ್ತಲಿನ ಗಂಡಸರು ತೀರಿಕೊಂಡ ವರ್ಷಗಳನ್ನು ಅಂದಾಜು ಮಾಡಿ, ಅದರ ಹಿಂದುಮುಂದಿನ ಐದು ವರ್ಷ ಜಾಲಾಡಿ.

ಕಚೇರಿಗೆ ಹೋಗುವ ಮೊದಲು ಅಟ್ಟ ಹತ್ತಿ. ಮದುವೆಯಲ್ಲಿ ಬಂದ ಹಿತ್ತಾಳೆ ಕೊಡ, ತಾಮ್ರದ ಹಂಡೆ, ಗಂಗಾಳಗಳ ಕಂಠದಲ್ಲಿ ಕೊಟ್ಟವರ ಹೆಸರನ್ನು ಕೊರೆಸುವ ರೂಢಿ ನಮ್ಮ ಕಡೆ ಇತ್ತು. ಹೆಸರಿನ ಪಕ್ಕದಲ್ಲಿ ಊರಿನ ಮೊದಲ ಅಕ್ಷರವೋ ಇಸವಿಯೋ ಇದ್ದರೆ ನಿಮ್ಮ ಅದೃಷ್ಟ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಸವೆದ ಅಕ್ಷರ ಅಳಿಸಿಹೋಗುತ್ತದೆ. ಅಕ್ಕಿಹಿಟ್ಟು ಸವರಿ ಓರೆ ಬೆಳಕಿನಲ್ಲಿ ಹಿಡಿದರೆ ಓದಲು ಬರುತ್ತದೆ. ಪಾತ್ರೆಗಿಂತಲೂ ದೊಡ್ಡ ನಿಧಿ ಮುಯ್ಯಿ ಪಟ್ಟಿ. ಯಾರು ಎಷ್ಟು ಆಯೇರಿ ಮಾಡಿದರು ಎಂದು ಬರೆದಿಟ್ಟ ಆ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಹಣದ ಮೊತ್ತ ಬಿಟ್ಟು ಊರುಗಳನ್ನು ಎಣಿಸಿ. ಗಂಡಿನ ಕಡೆಯ ಊರುಗಳು ನಿಮಗೆ ಗೊತ್ತೇ ಇರುತ್ತವೆ. ಅವನ್ನು ಹೊಡೆದುಹಾಕಿದ ಮೇಲೆ ಪದೇ ಪದೇ ಬರುವ ಗುರುತಿಲ್ಲದ ಊರು ಯಾವುದೋ, ಅದರ ಆಸುಪಾಸಿನಲ್ಲಿ ತವರು ಇರುತ್ತದೆ. ನನ್ನ ಮುತ್ತಜ್ಜಿಯ ಮಗಳ ಮದುವೆಯ ಪಟ್ಟಿಯಲ್ಲಿ ರಾಣೆಬೆನ್ನೂರು ಸೀಮೆಯ ಹಳ್ಳಿಯೊಂದು ಸಾಲುಸಾಲಾಗಿ ಬಂದಿತ್ತು. ಆ ಊರಿಗೂ ನಮಗೂ ಏನು ಸಂಬಂಧ ಎಂದು ಬದುಕಿರುವ ಯಾರಿಗೂ ತಿಳಿದಿರಲಿಲ್ಲ.

ಮನೆಯ ಹಿರಿಯ ಹೆಂಗಸರನ್ನು ಮಾತಾಡಿಸುವಾಗ ಹೆಸರು, ತಾರೀಕು ಕೇಳಿ ಗೋಳುಹೊಯ್ದುಕೊಳ್ಳಬೇಡಿ. ಗಂಡನ ಹೆಸರನ್ನು ನೇರವಾಗಿ ಹೇಳದ ಅಜ್ಜಿಯರು ಇನ್ನೂ ಇದ್ದಾರೆ. ಅವರಿಂದ ಒಡಪು, ಅಂದರೆ ಗಂಡನ ಹೆಸರು ಸೇರಿಸಿ ಕಟ್ಟಿದ ಪ್ರಾಸದ ಸಾಲು, ಹೇಳಿಸಿ, ಹೆಸರು ತಾನಾಗಿ ಹೊರಗೆ ಬರುತ್ತದೆ. ಬಾಣಂತನ ಎಲ್ಲಾಯಿತು, ಮೊದಲ ಕೂಸಿಗೆ ಜವಳ ತೆಗೆಸಲು ಯಾವ ದೇವರಿಗೆ ಹೋದರು, ನಾಗರಪಂಚಮಿಗೆ ಕರೆಯಲು ಯಾರು ಬರುತ್ತಿದ್ದರು ಎಂದು ಕೇಳಿ. ದೇವರು ಒಳ್ಳೆಯ ಸಾಕ್ಷಿ. ಗಂಡನ ಮನೆದೇವರು ಉಚ್ಚಂಗಿ ಎಲ್ಲಮ್ಮನಾಗಿದ್ದೂ ಅಜ್ಜಿ ದೇವರಗುಡ್ಡದ ಮಾಲತೇಶನಿಗೆ ವರ್ಷವರ್ಷ ಕಾಯಿ ಒಡೆಸುತ್ತಿದ್ದಳು ಎಂದರೆ ಆ ಹರಕೆ ತವರಿನಿಂದ ಬಂದದ್ದಿರಬಹುದು. ಮುಂಗೈ ಮೇಲಿನ ಹಚ್ಚೆಯನ್ನೂ ವಿಚಾರಿಸಿ, ಅದರಲ್ಲಿ ಅಣ್ಣನ ಹೆಸರು ಇರುವುದುಂಟು.

ಕಾಲವನ್ನು ಹಿರಿಯರು ಸಂವತ್ಸರದಲ್ಲೋ ಆಪತ್ತಿನಲ್ಲೋ ಹೇಳುತ್ತಾರೆ. ಧಾತು ಬರ ಎಂದರೆ 1876-77, ಮರುವರ್ಷದ ಈಶ್ವರವೂ ಬರಗಾಲವೇ. ಪ್ಲೇಗು ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟದ್ದು 1898ರಲ್ಲಿ. ಆಮೇಲೆ ಬಹಳ ವರ್ಷ ಅದು ಬಿಟ್ಟುಬಿಟ್ಟು ಬರುತ್ತಿದ್ದುದರಿಂದ ‘ಪ್ಲೇಗಿನಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದೆವು’ ಎಂಬ ಒಂದೇ ಮಾತಿನ ಮೇಲೆ ಇಸವಿ ಕಟ್ಟಬೇಡಿ. ಇನ್‌ಫ್ಲುಯೆಂಜಾ ಜ್ವರದ ಕಾಳಯುಕ್ತಿ ಸಂವತ್ಸರ 1918ರ ಯುಗಾದಿಯಿಂದ 1919ರ ಯುಗಾದಿಯವರೆಗೆ. ಅರವತ್ತು ವರ್ಷಕ್ಕೆ ಅದೇ ಹೆಸರು ಮರಳುತ್ತದೆ, 1978ರಲ್ಲೂ ಕಾಳಯುಕ್ತಿ ಬಂದಿತ್ತು ಎಂಬುದು ನೆನಪಿರಲಿ. ಇನ್‌ಫ್ಲುಯೆಂಜಾಕ್ಕಿಂತ ಈಚಿನದಕ್ಕೆ ನಯಾ ಪೈಸೆ ಬಂದ 1957 ಒಳ್ಳೆಯ ಗೂಟ. ‘ಅದಕ್ಕೆ ಮೊದಲೋ ಆಮೇಲೋ’ ಎಂದು ಕೇಳಿದರೆ ಎಲ್ಲರಿಗೂ ಉತ್ತರ ಸಿಗುತ್ತದೆ.

ಊರು ಗೊತ್ತಾಯಿತು ಎನ್ನಿ. ಆ ಊರು ಆಗ ಯಾವ ಸರ್ಕಾರದ ಕೆಳಗಿತ್ತು ಎಂಬುದನ್ನು ಗಟ್ಟಿ ಮಾಡಿಕೊಳ್ಳದೆ ಕಚೇರಿಯ ಮೆಟ್ಟಿಲು ಹತ್ತಬೇಡಿ. ದಾವಣಗೆರೆ, ಹರಿಹರ, ಜಗಳೂರು 1997ರ ಆಗಸ್ಟ್ 15ರವರೆಗೆ ಚಿತ್ರದುರ್ಗ ಜಿಲ್ಲೆ, ಅದಕ್ಕೂ ಹಿಂದೆ ಮೈಸೂರು ಸಂಸ್ಥಾನ. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿದ್ದವು. ಹರಪನಹಳ್ಳಿ 1953ರವರೆಗೆ ಮದ್ರಾಸಿನದು. ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ ಎಂದು ಸುತ್ತಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹರಿಹರದ ಸೇತುವೆ ದಾಟಿದರೆ ರಾಣೆಬೆನ್ನೂರು ಸೀಮೆ, 1956ರವರೆಗೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ, ಈಗ ಹಾವೇರಿ. ಹೊಳೆ ದಾಟಿ ಮದುವೆಯಾದ ಹೆಣ್ಣುಮಗಳು ಕಾಗದದ ಮಟ್ಟಿಗೆ ಬೇರೊಂದು ಸರ್ಕಾರಕ್ಕೆ ಬರುತ್ತಿದ್ದಳು. ಹೊಲದ ದಾಖಲೆ, ಸತ್ತವರ ಖಾತೆ ವಾರಸುದಾರರಿಗೆ ಆಗುವುದು, ಊರಿನ ಲೆಕ್ಕ ಬರೆಯುವವನು, ಊರಿನ ಮುಖ್ಯಸ್ಥ, ಇವಕ್ಕೆ ಈಚೆ ಪಹಣಿ, ಪೌತಿ ಖಾತೆ, ಶಾನುಭೋಗ, ಪಟೇಲ; ಆಚೆ ಉತಾರ, ವಾರಸಾ, ಕುಲಕರ್ಣಿ, ಗೌಡ. ಅಲ್ಲಿಯ ಕಚೇರಿಯಲ್ಲಿ ಅಲ್ಲಿಯ ಮಾತಿನಲ್ಲೇ ಕೇಳಿ. ಹೆಸರೂ ವೇಷ ಬದಲಿಸುತ್ತದೆ: ತವರಿನಲ್ಲಿ ‘ಗೌರವ್ವ’ ಎಂದಿದ್ದವಳು ಇಲ್ಲಿ ‘ಗೌರಮ್ಮ ಕೋಂ ಬಸಪ್ಪ’, ಅಂದರೆ ಬಸಪ್ಪನ ಹೆಂಡತಿ ಗೌರಮ್ಮ, ಆಗಿರುತ್ತಾಳೆ. ಗಂಡನ ಮನೆಯಲ್ಲಿ ಅತ್ತೆಯ ಹೆಸರೇ ಸೊಸೆಗೂ ಇದ್ದರೆ ಪೂರ್ತಿ ಬೇರೆ ಹೆಸರಿಟ್ಟು ಕರೆಯುವುದೂ ಇತ್ತು. ಹೆಸರು ಹೊಂದಲಿಲ್ಲ ಎಂದು ಒಂದು ಪತ್ರವನ್ನು ತಳ್ಳಿಹಾಕಬೇಡಿ, ಗಂಡನ ಹೆಸರು, ಮಕ್ಕಳ ಹೆಸರು, ಹೊಲದ ಸರ್ವೆ ನಂಬರು ಹೊಂದುತ್ತವೆಯೇ ನೋಡಿ.

ಇನ್ನು ನನ್ನ ಕಸುಬಿನ ವಿಷಯ. ನೋಂದಾಯಿತ ಪತ್ರಗಳಷ್ಟು ಹೆಣ್ಣಿನ ಬದುಕನ್ನು ಹೇಳುವ ಕಾಗದ ನಮ್ಮಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ. ಸ್ಥಿರಾಸ್ತಿಯ ಪತ್ರಗಳೆಲ್ಲ ಉಪನೋಂದಣಿ ಕಚೇರಿಯ ಒಂದನೇ ಪುಸ್ತಕದಲ್ಲಿ ನಕಲಾಗಿರುತ್ತವೆ. ಅದಕ್ಕೆ ಹೆಸರುಗಳ ಸೂಚಿ ಬೇರೆ, ಆಸ್ತಿಯ ಸೂಚಿ ಬೇರೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಶುಲ್ಕ ಕಟ್ಟಿದ ಯಾರು ಬೇಕಾದರೂ ಈ ಪುಸ್ತಕವನ್ನೂ ಸೂಚಿಯನ್ನೂ ನೋಡಬಹುದು, ನಕಲು ಪಡೆಯಬಹುದು. ‘ನಿಮಗೆ ಏನು ಸಂಬಂಧ’ ಎಂದು ಯಾರಾದರೂ ಗದರಿದರೆ ಕಲಮಿನ ಸಂಖ್ಯೆ ಹೇಳಿ. ಉಯಿಲುಗಳು ಮೂರನೇ ಪುಸ್ತಕದಲ್ಲಿರುತ್ತವೆ, ಬರೆದವರು ತೀರಿಕೊಂಡ ಮೇಲೆ ಅವುಗಳ ನಕಲನ್ನೂ ಕೇಳಬಹುದು. ಈಚಿನ ಪತ್ರಗಳು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತವೆ, ಮುತ್ತಜ್ಜಿಯ ಕಾಲದವಕ್ಕೆ ಪುಸ್ತಕದ ಧೂಳನ್ನೇ ಕುಡಿಯಬೇಕು. ಹೆಸರಿನ ಸೂಚಿಯಲ್ಲಿ ಆಕೆ ಸಿಗದಿದ್ದರೆ ಆಸ್ತಿಯ ಸೂಚಿ ತೆಗೆಸಿ ಊರಿನ ಹೆಸರಿನ ಕೆಳಗೆ ಹುಡುಕಿ.

ಪತ್ರ ಕೈಗೆ ಬಂದ ಮೇಲೆ ಜನ ನೇರವಾಗಿ ಎಕರೆ, ಗುಂಟೆ, ರೂಪಾಯಿ ನೋಡುತ್ತಾರೆ. ನೀವು ಮೊದಲ ನಾಲ್ಕು ಸಾಲು ಮತ್ತು ಕೊನೆಯ ನಾಲ್ಕು ಸಾಲು ಓದಿ. ಮೊದಲಲ್ಲಿ ಆಕೆ ಯಾರ ಹೆಂಡತಿ, ಸುಮಾರು ವಯಸ್ಸು ಎಷ್ಟು, ಕಸುಬು ಏನು ಎಂಬುದಿರುತ್ತದೆ. ‘ಹಾಲಿ ವಾಸ ದಾವಣಗೆರೆ’ ಎಂಬ ಎರಡು ಮೂರು ಪದಗಳೇ ವಲಸೆಯ ದಾಖಲೆ. ಒಂದು ಪತ್ರದಲ್ಲಿ ಹಳ್ಳಿಯ ವಾಸ, ಮುಂದಿನದರಲ್ಲಿ ‘ಹಾಲಿ ವಾಸ’ ಬೇರೆ ಎಂದಿದ್ದರೆ ಆ ಎರಡು ತಾರೀಕುಗಳ ನಡುವೆ ಗಂಟುಮೂಟೆ ಕಟ್ಟಿದ್ದಾಳೆ. ಕೊನೆಯಲ್ಲಿ ಸಾಕ್ಷಿಗಳು, ಬಿಕ್ಕಲಂ (ಪತ್ರ ಬರೆದವನ ರುಜು) ಹಾಕಿದ ಬರಹಗಾರ, ಮತ್ತು ಅಧಿಕಾರಿಯ ಮುಂದೆ ಆಕೆಯನ್ನು ಗುರುತಿಸಿದವರು. ಅಕ್ಷರ ಬಾರದ ವಿಧವೆ ಕಚೇರಿಗೆ ಒಂಟಿಯಾಗಿ ಬರುತ್ತಿರಲಿಲ್ಲ. ಅಣ್ಣನೋ ತಮ್ಮನೋ ಸೋದರಮಾವನೋ ಕರೆತರುತ್ತಿದ್ದ, ಅವನೇ ಗುರುತಿಸಿ ರುಜು ಹಾಕುತ್ತಿದ್ದ. ಅವನ ಊರು, ಅವನ ತಂದೆಯ ಹೆಸರು ಆಕೆಯ ತವರಿನ ವಿಳಾಸ. ನನ್ನ ಮುತ್ತಜ್ಜಿ ಹರಿಹರ ತಾಲ್ಲೂಕಿನ ಹೊಲವನ್ನು ಮೈನರ್ ಮಗನ ಪರವಾಗಿ ಮಾರಿದ ಪತ್ರದಲ್ಲಿ ಗುರುತಿಸಿದವನ ಊರೂ ಮುಯ್ಯಿ ಪಟ್ಟಿಯ ಊರೂ ಒಂದೇ. ಪತ್ರದ ಒಡಲಿನಲ್ಲಿ ಮಾರುವ ಕಾರಣವೂ ಇರುತ್ತದೆ: ‘ನನ್ನ ಯಜಮಾನರು ಮಾಡಿದ್ದ ಸಾಲದ ಬಾಬ್ತು’, ‘ಮಕ್ಕಳ ಪೋಷಣೆಗೋಸ್ಕರ’. ಇದರಲ್ಲಿ ಅರ್ಧ ನಮ್ಮಂಥ ಬರಹಗಾರರ ಸಿದ್ಧ ವಾಕ್ಯ ಎಂಬುದನ್ನು ನಾನೇ ಹೇಳಬೇಕು. ಆದರೆ ಸಾಲ ಕೊಟ್ಟವನ ಹೆಸರು, ಮೊತ್ತ, ತಾರೀಕು ಬಂದರೆ ನಂಬಿ, ಅದನ್ನು ಯಾರೂ ಕಟ್ಟಿ ಬರೆಯುವುದಿಲ್ಲ. ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟ ತುಂಡು ಹೊಲ, ಮೈದುನರು ಬರೆದುಕೊಟ್ಟ ಜೀವನಾಂಶ ಪತ್ರ, ಇವೂ ಅದೇ ಪುಸ್ತಕದಲ್ಲಿ ಸಿಗುತ್ತವೆ.

ಆಕೆಯ ಹೆಸರು ಎಲ್ಲಿರಬೇಕಿತ್ತು, ಎಲ್ಲಿ ಇರಲು ಸಾಧ್ಯವೇ ಇರಲಿಲ್ಲ ಎಂಬುದನ್ನು ಕಾನೂನು ತೀರ್ಮಾನಿಸುತ್ತಿತ್ತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿನ ಕಾಯ್ದೆ ತಂದಿತ್ತು. ಭಾಗವಾಗುವಾಗ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಡಬೇಕಾಯಿತು. ಬ್ರಿಟಿಷ್ ಪ್ರಾಂತ್ಯಗಳಲ್ಲಿ ವಿಧವೆಯರಿಗೆ ಇಂಥ ಹಕ್ಕು ಬಂದದ್ದು 1937ರಲ್ಲಿ. ಆದ್ದರಿಂದ ದಾವಣಗೆರೆ, ಚಿತ್ರದುರ್ಗದ 1933ರ ನಂತರದ ಭಾಗಪತ್ರಗಳನ್ನು ಬಿಡದೆ ನೋಡಿ. 1956ರ ಉತ್ತರಾಧಿಕಾರ ಕಾಯ್ದೆಯ ಬಳಿಕ, ಅದಕ್ಕಿಂತ ಹೆಚ್ಚಾಗಿ ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಬಳಿಕ, ಹಕ್ಕು ಬಿಡುಗಡೆ ಪತ್ರಗಳ ಸುಗ್ಗಿಯೇ ಬಂತು. ಅಕ್ಕತಂಗಿಯರಿಂದ ಸಹಿ ಹಾಕಿಸಿಕೊಂಡು ಸೀರೆ ಕೊಟ್ಟು ಕಳಿಸುವ ಆ ಪತ್ರಗಳನ್ನು ನಾನೂ ಮನಸ್ಸಿಲ್ಲದೆ ಬರೆದಿದ್ದೇನೆ. ಹುಡುಕುವವರಿಗೆ ಮಾತ್ರ ಅವು ವರದಾನ: ಮನೆಯ ಹೆಣ್ಣುಮಕ್ಕಳೆಲ್ಲ, ಅವರ ಗಂಡಂದಿರು, ಅವರವರ ಊರು ಒಂದೇ ಹಾಳೆಯಲ್ಲಿ ಸಿಗುವುದು ಅಲ್ಲಿಯೇ.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಪಹಣಿ ಮತ್ತು ಖಾತೆ ಬದಲಾವಣೆಯ ಮ್ಯುಟೇಷನ್ ರಿಜಿಸ್ಟರ್ ಕೇಳಿ. ಸರ್ವೆ ನಂಬರು ಇಲ್ಲದೆ ಹೋದರೆ ಬರಿಗೈಯಲ್ಲಿ ಮರಳುತ್ತೀರಿ, ಅದನ್ನು ಪತ್ರದಿಂದ ಎತ್ತಿಕೊಂಡು ಹೋಗಿ. ಗಂಡನ ಪೌತಿಯ ನಂತರ ವಿಧವೆಯ ಹೆಸರಿಗೆ ಖಾತೆ ಆದ ವರ್ಷ ಅಲ್ಲಿ ಸಿಗುತ್ತದೆ, ಅದರ ಹಿಂದಿನ ಒಂದೆರಡು ವರ್ಷದಲ್ಲಿ ಆತ ಸತ್ತಿರುತ್ತಾನೆ. ಈಗ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಕೆಲಸ ನಡೆದಿರುವುದರಿಂದ ಕಂಪ್ಯೂಟರಿನಲ್ಲಿ ಇದೆಯೇ ಎಂದು ಮೊದಲು ವಿಚಾರಿಸಿ. ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕೆಂಬ ನಿಯಮವಿದೆ.

ಜನನ ಮರಣ ರಿಜಿಸ್ಟರಿನ ಮೇಲೆ ಹೆಚ್ಚು ಆಸೆ ಇಡಬೇಡಿ. ಈಗಿನ ಕಾಯ್ದೆ 1969ರದು, ಅದರ 17ನೇ ಕಲಂ ಪ್ರಕಾರ ಯಾರು ಬೇಕಾದರೂ ಹುಡುಕಿಸಿ ನಕಲು ಪಡೆಯಬಹುದು. ಅದಕ್ಕೂ ಹಿಂದಿನ ಹಳ್ಳಿಯ ಪುಸ್ತಕಗಳಲ್ಲಿ ಕೂಸಿಗೆ ಹೆಸರಿಲ್ಲ, ‘ಹೆಣ್ಣು’ ಎಂದು ಬರೆದು ತಂದೆಯ ಹೆಸರು ಹಾಕಿರುತ್ತಾರೆ. ಶಾಲೆಯ ದಾಖಲಾತಿ ಪುಸ್ತಕ ಅದಕ್ಕಿಂತ ಮೇಲು. ಮುತ್ತಜ್ಜಿ ಶಾಲೆಗೆ ಹೋಗಿರಲಿಕ್ಕಿಲ್ಲ, ಆದರೆ ಆಕೆಯ ಮಗ ಯಾವ ಊರಿನ ಶಾಲೆಯಿಂದ ಬಂದು ಸೇರಿದ ಎಂಬ ಕಾಲಂ ವಲಸೆಯ ವರ್ಷವನ್ನು ಬಿಟ್ಟುಕೊಡುತ್ತದೆ. ಜನ್ಮದಿನಾಂಕ ಜೂನ್ 1 ಎಂದಿದ್ದರೆ ಅದು ಮೇಷ್ಟ್ರು ಕೊಟ್ಟದ್ದು. ಮತದಾರರ ಪಟ್ಟಿಯಲ್ಲಿ ಮನೆ ನಂಬರು, ಗಂಡನ ಹೆಸರು ಸಿಗುತ್ತವೆ. ಜನಗಣತಿಯ ಮನೆವಾರು ವಿವರ ಗೋಪ್ಯ, ಕಾಯ್ದೆಯೇ ಹಾಗೆ. ಅದನ್ನು ಮರೆತುಬಿಡಿ.

ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬರುವ ಹೆಳವರನ್ನು ಮರೆಯಬೇಡಿ. ವಂಶ ಹೊಗಳುವ ಅವರ ಬಾಯಲ್ಲಿ ಮೂಲ ಊರು, ಬಿಟ್ಟು ಬಂದ ಕಾರಣ ಎಲ್ಲ ಇರುತ್ತದೆ. ನಿಮ್ಮ ಮನೆಗೆ ಬರುವ ಹೆಳವ ಗಂಡಿನ ಸಾಲನ್ನು ಹೇಳುತ್ತಾನೆ. ನಿಮಗೆ ಬೇಕಾದವನು ಅಜ್ಜಿಯ ತವರಿಗೆ ಬರುವ ಹೆಳವ. ಆ ಮನೆಯವರ ಮೂಲಕ ಅವನು ಯಾವ ತಿಂಗಳು ಬರುತ್ತಾನೆ ಎಂದು ತಿಳಿದು ಹೋಗಿ, ಕಾಳುಕಡಿ ಧಾರಾಳವಾಗಿ ಕೊಡಿ, ‘ಈ ಮನೆಯ ಹೆಣ್ಣುಮಕ್ಕಳನ್ನು ಯಾವ ಊರಿಗೆ ಕೊಟ್ಟರು’ ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಹೇಳುವುದಿಲ್ಲ.

ತವರಿನ ಊರು ಸಿಕ್ಕ ಕೂಡಲೇ ಝೆರಾಕ್ಸ್ ಕಟ್ಟು ಹಿಡಿದು ನುಗ್ಗಬೇಡಿ. ಅಜ್ಜಿಯ ಅಣ್ಣತಮ್ಮಂದಿರ ಮೊಮ್ಮಕ್ಕಳಿಗೆ ನೀವು ಪಾಲು ಕೇಳಲು ಬಂದವರಂತೆಯೇ ಕಾಣುತ್ತೀರಿ. ಸರ್ವೆ ನಂಬರು, ಪಹಣಿ ಎಂಬ ಮಾತು ಮೊದಲ ಭೇಟಿಯಲ್ಲಿ ನಾಲಿಗೆಗೆ ಬರಬಾರದು. ಮನೆಯ ಹಿರಿಯ ಹೆಂಗಸಿಗೊಂದು ಕುಪ್ಪಸದ ಕಣ, ಒಂದು ಹಳೆಯ ಫೋಟೋ, ಮುಯ್ಯಿ ಪಟ್ಟಿಯಲ್ಲಿ ಅವರ ಅಜ್ಜನ ಹೆಸರಿರುವ ಪುಟದ ನಕಲು ಒಯ್ಯಿರಿ. ಆ ಪುಟದಲ್ಲಿ ಅವರ ಅಜ್ಜ ಕೊಟ್ಟ ಎರಡು ರೂಪಾಯಿ ಇರುತ್ತದೆ. ಬಂದವರು ಕೇಳುವವರಲ್ಲ, ಪಡೆದದ್ದನ್ನು ನೆನೆಯುವವರು ಎಂದು ಅವರಿಗೆ ಅದು ತಿಳಿಸುತ್ತದೆ. ಆಮೇಲೆ ಅವರೇ ಟ್ರಂಕು ತೆಗೆಯುತ್ತಾರೆ.