ಹಿತ್ತಲಿಗೆ ಬರುವ ದಕ್ಷಿಣ ಆಫ್ರಿಕಾದ ಹೆಜ್‌ಹಾಗನ್ನು ಕಾಪಾಡುವ ಬಗೆ

ಜೋಹಾನ್ಸ್‌ಬರ್ಗ್, ಪ್ರಿಟೋರಿಯಾ ಸುತ್ತಿನ ಎತ್ತರದ ಹುಲ್ಲುಗಾವಲು ಸೀಮೆಯಲ್ಲಿ ನೆಲೆಸಿರುವವರ ಹಿತ್ತಲಿಗೆ ಕತ್ತಲಾದ ಮೇಲೆ ಹಣೆಯಲ್ಲಿ ಬಿಳಿ ಪಟ್ಟಿಯಿರುವ, ಸುಮಾರು 20 ಸೆಂಟಿಮೀಟರ್ ಉದ್ದದ ಮುಳ್ಳುಮೈಯ ಪ್ರಾಣಿಯೊಂದು ಬರುತ್ತಿದ್ದರೆ ಅದು ದಕ್ಷಿಣ ಆಫ್ರಿಕಾದ ಹೆಜ್‌ಹಾಗ್. ಮುಳ್ಳುಗಳಿದ್ದರೂ ಇದು ಮುಳ್ಳುಹಂದಿಯಂತೆ ದಂಶಕವಲ್ಲ, ಅಂದರೆ ಇಲಿ, ಅಳಿಲುಗಳ ಗುಂಪಿಗೆ ಸೇರಿದ್ದಲ್ಲ; ಹುಳು ತಿನ್ನುವ, ಉದ್ದ ಮೂತಿಯ ಸೊಂಡಿಲಿಗಳಿಗೆ ಹತ್ತಿರದ ಜೀವಿ. ಜಗತ್ತಿನ ಮಟ್ಟದಲ್ಲಿ ಇದಕ್ಕೆ ಸದ್ಯಕ್ಕೆ ಹೆಚ್ಚಿನ ಅಪಾಯವಿಲ್ಲವೆಂದು ಎಣಿಸಲಾಗಿದ್ದರೂ, ದಕ್ಷಿಣ ಆಫ್ರಿಕಾದ 2016ರ ಸಸ್ತನಿಗಳ ಕೆಂಪುಪಟ್ಟಿ ಇದನ್ನು ಅಪಾಯದ ಅಂಚಿಗೆ ಬಂದಿರುವ ಪ್ರಾಣಿಗಳ ಸಾಲಿನಲ್ಲಿ ಇರಿಸಿದೆ.

ಮೊದಲು ಕೈಬಿಡಬೇಕಾದದ್ದು ಕೀಟನಾಶಕ. ಜೀರುಂಡೆ, ಗೆದ್ದಲು, ಮಿಡತೆ, ಎರೆಹುಳುಗಳೇ ಇದರ ಮುಖ್ಯ ಆಹಾರವಾದ್ದರಿಂದ ಸಿಂಪಡಿಸಿದ ವಿಷವು ಸತ್ತ ಹುಳುಗಳ ಮೂಲಕ ಇದರ ಹೊಟ್ಟೆ ಸೇರಬಹುದು. ಸೇರದಿದ್ದರೂ ಹುಳುಗಳಿಲ್ಲದ ತೋಟದಲ್ಲಿ ಅದಕ್ಕೆ ಊಟವಿರುವುದಿಲ್ಲ. ಈ ಒಂದು ಕೆಲಸ ಮಾಡದೆ ಉಳಿದುದನ್ನೆಲ್ಲ ಮಾಡಿದರೂ ಹೆಚ್ಚು ಪ್ರಯೋಜನವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪೊದೆಗಳ ಬುಡದ ತರಗೆಲೆಯನ್ನು ಗುಡಿಸದೆ ಬಿಡಿ. ಹೆಜ್‌ಹಾಗ್ ಹಗಲೆಲ್ಲ ಇಂಥ ಮರೆಯಲ್ಲೇ ಸುರುಳಿ ಸುತ್ತಿಕೊಂಡು ಮಲಗುತ್ತದೆ. ಹುಳುಗಳು ವಿರಳವಾಗುವ ಚಳಿಗಾಲದಲ್ಲಿ, ಅಂದರೆ ಅಲ್ಲಿನ ಜೂನ್, ಜುಲೈ ಸುಮಾರಿಗೆ, ಮೈ ತಂಪಾಗಿಸಿಕೊಂಡು ದೀರ್ಘ ಜಡನಿದ್ರೆಗೂ ಇಳಿಯುತ್ತದೆ. ಆಗ ಎಬ್ಬಿಸಿದರೆ ಕೂಡಿಟ್ಟ ಕೊಬ್ಬು ವ್ಯರ್ಥವಾಗಿ ಕರಗುತ್ತದೆ. ಆದ್ದರಿಂದ ಕಸದ ರಾಶಿಗೆ ಬೆಂಕಿ ಹಚ್ಚುವುದಕ್ಕಿಂತ ಅದನ್ನು ಗೊಬ್ಬರವಾಗಲು ಬಿಡುವುದು ಮೇಲು. ಬೇಸಿಗೆಯಲ್ಲಿ ಮರಿಗಳಿರುವ ಗೂಡು ಕಂಡರೆ ಮುಟ್ಟದೆ ದೂರ ಸರಿಯಿರಿ. ಸುಮಾರು 35 ದಿನಗಳ ಗರ್ಭದ ನಂತರ ಹುಟ್ಟುವ ಮರಿಗಳಿಗೆ ಆರಂಭದಲ್ಲಿ ಕಣ್ಣು ತೆರೆದಿರುವುದಿಲ್ಲ, ತಾಯಿಯ ಹೊರತು ಅವಕ್ಕೆ ಬೇರೆ ಗತಿಯಿಲ್ಲ.

ಕಾಂಪೌಂಡ್ ಗೋಡೆಯ ಬುಡದಲ್ಲಿ ಅರ್ಧ ಅಡಿ ಅಗಲದ ಕಿಂಡಿ ಬಿಟ್ಟರೆ ಅದು ರಸ್ತೆಗಿಳಿಯದೆ ಪಕ್ಕದ ತೋಟಕ್ಕೆ ದಾಟೀತು. ರಾತ್ರಿ ನಾಯಿಯನ್ನು ಒಳಗೆ ಕಟ್ಟಿರಿ. ಕುಡಿಯಲು ಆಳವಿಲ್ಲದ ತಟ್ಟೆಯಲ್ಲಿ ನೀರಿಡಿ, ಹಾಲನ್ನು ಮಾತ್ರ ಇಡಬೇಡಿ, ಅದು ಜೀರ್ಣವಾಗದೆ ಭೇದಿಯಾಗುತ್ತದೆ.

ಮುದ್ದಾಗಿದೆಯೆಂದು ಹಿಡಿದು ಸಾಕುವುದು ಖಂಡಿತ ಸಲ್ಲದು. ಪರವಾನಗಿಯಿಲ್ಲದೆ ಹಾಗೆ ಮಾಡುವುದು ಕಾನೂನಿಗೂ ವಿರುದ್ಧ. ಹಾಗೆಯೇ ಅಂಗಡಿಯಿಂದ ತಂದ, ಮಧ್ಯ ಆಫ್ರಿಕಾ ಮೂಲದ ನಾಲ್ಕು ಬೆರಳಿನ ಹೆಜ್‌ಹಾಗನ್ನು ಅಲ್ಲಿನ ಬಯಲಿಗೆ ಬಿಡಬಾರದು. ಹಾಡುಹಗಲಿನಲ್ಲಿ ಬಯಲಲ್ಲಿ ತೂರಾಡುತ್ತಿರುವ ಹೆಜ್‌ಹಾಗ್ ಸಾಮಾನ್ಯವಾಗಿ ಕಾಯಿಲೆಯದ್ದಾಗಿರುತ್ತದೆ. ದಪ್ಪ ಕೈಗವಸು ಹಾಕಿಕೊಂಡು ಅದನ್ನು ಗಾಳಿಯಾಡುವ ಪೆಟ್ಟಿಗೆಯಲ್ಲಿ ಇಟ್ಟು, ಹತ್ತಿರದ ಪಶುವೈದ್ಯರಿಗೆ ಅಥವಾ ಪರವಾನಗಿ ಪಡೆದ ವನ್ಯಜೀವಿ ಆರೈಕೆ ಕೇಂದ್ರಕ್ಕೆ ತಡಮಾಡದೆ ತಲುಪಿಸಿ, ಸಿಕ್ಕ ಜಾಗವನ್ನೂ ಅವರಿಗೆ ತಿಳಿಸಿ.