ಗುಡುಗು ಶುರುವಾಗುವ ಮೊದಲು ಡಾಲ್ಫಿನ್ ನೋಡಿಬಿಡಿ

ದಾವಣಗೆರೆಯಿಂದ ಬೇಸಿಗೆಗೆ ಅಮೆರಿಕದ ಮಕ್ಕಳ ಮನೆಗೆ ಹೋಗುವವರು ಈಗ ಜಾಸ್ತಿಯಾಗಿದ್ದಾರೆ. ಫ್ಲೋರಿಡಾ ಕಡೆ ಹೋದವರು ಒರ್ಲ್ಯಾಂಡೊದಲ್ಲಿರುವ ಕಡಲ ಪ್ರಾಣಿಗಳ ಪಾರ್ಕು ಸೀವರ್ಲ್ಡ್‌ಗೆ ಒಂದು ದಿನ ಹೋಗಿಯೇ ಹೋಗುತ್ತಾರೆ. ನಮ್ಮ ಮಗಳೂ ಅಲ್ಲೇ ಹತ್ತಿರ ಇದ್ದಾಳೆ. ಅವಳಿಗೂ ಅಳಿಯನಿಗೂ ಆಫೀಸಿನ ಕೆಲಸವೇ ಮುಗಿಯುವುದಿಲ್ಲ, ಹಾಗಾಗಿ ಆ ದಿನದ ಪ್ಲಾನು ನನ್ನ ಪಾಲಿಗೆ ಬಂತು. ವಿದ್ಯಾನಗರದ ಮನೆಯಲ್ಲಿ ಕೂತೇ ಪಾರ್ಕಿನ ಮ್ಯಾಪು ಮೊಬೈಲಿನಲ್ಲಿ ಹಿಗ್ಗಿಸಿ ಕುಗ್ಗಿಸಿ ಹಾಕಿದ ಪ್ಲಾನು. ಈಗ ಯಾರೇ ಹೊರಟರೂ ನನ್ನನ್ನು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಬರೆಯುತ್ತಿದ್ದೇನೆ.

ಎಲ್ಲರ ಮೊದಲ ಪ್ರಶ್ನೆ ಟಿಕೆಟ್ ಎಷ್ಟು ಅಂತ. ಮೊದಲೇ ಆನ್‌ಲೈನಿನಲ್ಲಿ ತಗೊಳ್ಳಿ, ಗೇಟಿಗಿಂತ ಕಡಿಮೆಗೆ ಸಿಗುತ್ತದೆ, ಅಷ್ಟೇ ವಿಷಯ. ನಾನು ತಲೆ ಕೆಡಿಸಿಕೊಂಡಿದ್ದು ಮಳೆ ಬಗ್ಗೆ. ಫ್ಲೋರಿಡಾದ ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಮೆಕ್ಸಿಕೊ ಕೊಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಏರುತ್ತಿದ್ದ ಹಾಗೆ ಎರಡೂ ಕಡೆಯಿಂದ ಕಡಲ ಗಾಳಿ ಒಳನಾಡಿಗೆ ನುಗ್ಗುತ್ತದೆ, ನಡುವೆ ಒಂದಕ್ಕೊಂದು ಡಿಕ್ಕಿ ಹೊಡೆದು ಹಸಿ ಗಾಳಿಯೆಲ್ಲ ಮೇಲಕ್ಕೇಳುತ್ತದೆ, ಮಧ್ಯಾಹ್ನ ದಾಟಿತೋ ಇಲ್ಲವೋ ಗುಡುಗು ಸಿಡಿಲು ಶುರು. ಒರ್ಲ್ಯಾಂಡೊ ಇರುವುದು ಸರಿಯಾಗಿ ಆ ನಡುವಿನಲ್ಲೇ. ನಮ್ಮಲ್ಲಿ ಭರಣಿ, ಕೃತ್ತಿಕಾ ಮಳೆ ಸಂಜೆ ಹೊತ್ತಿಗೆ ಅಬ್ಬರಿಸಿಕೊಂಡು ಬರುತ್ತದಲ್ಲ, ಅದೇ ಥರ. ಆದರೆ ಅಲ್ಲಿ ತಿಂಗಳುಗಟ್ಟಲೆ ಇದೇ ಕಥೆ.

ಹಾಗಾಗಿ ಪ್ಲಾನು ಸರಳ. ಬಯಲಲ್ಲಿ ಇರುವುದೆಲ್ಲ ಬೆಳಿಗ್ಗೆ, ಗೋಡೆಯೊಳಗೆ ಇರುವುದು ಮಧ್ಯಾಹ್ನ. ಗೇಟು ತೆಗೆಯುವ ಹೊತ್ತಿಗೆ ಅಲ್ಲಿರಬೇಕು. ಡಾಲ್ಫಿನ್, ಸೀಲಯನ್ (ಕಡಲ ಸಿಂಹ), ಓರ್ಕಾ (ಕಪ್ಪು ಬಿಳುಪಿನ ದೊಡ್ಡ ಕಡಲ ಪ್ರಾಣಿ) ಇವುಗಳ ಶೋ ಎಲ್ಲ ತೆರೆದ ಸ್ಟೇಡಿಯಂಗಳಲ್ಲಿ. ಮೇಲೆ ಚಾವಣಿ ಇದ್ದರೂ ಪಕ್ಕದಲ್ಲಿ ಗೋಡೆ ಇಲ್ಲ, ಸಿಡಿಲು ಬಂದರೆ ಶೋ ನಿಲ್ಲಿಸುತ್ತಾರೆ. ಮೊಮ್ಮಗನಿಗೆ ಬೇಕಾಗಿದ್ದ ರೈಡುಗಳೂ ಅಷ್ಟೇ. ಓರ್ಕಾ ಶೋನಲ್ಲಿ ಮುಂದಿನ ಸಾಲಿಗೆ ಕೂರಬೇಡಿ. ಅದು ಬಾಲ ಬೀಸಿದರೆ ಉಪ್ಪು ನೀರು, ಅದೂ ತಣ್ಣಗಿನ ನೀರು, ಮೈಮೇಲೆ ಬೀಳುತ್ತದೆ. ಒದ್ದೆ ಸೀರೆಯಲ್ಲಿ ದಿನವೆಲ್ಲ ಓಡಾಡಲು ನಮ್ಮ ಮನೆಯವರಂತೂ ಒಪ್ಪಲಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಡಾಲ್ಫಿನ್ ಶೋಗಳಿಗೆ 2013ರಲ್ಲೇ ಕೇಂದ್ರ ಸರ್ಕಾರ ಬೇಡ ಅಂದಿದೆ. ಸೀವರ್ಲ್ಡ್ ಕೂಡ 2016ರಲ್ಲಿ ಓರ್ಕಾಗಳ ಸಂತಾನ ಬೆಳೆಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಅಷ್ಟು ದೊಡ್ಡ ಜೀವ ಅಷ್ಟೇ ನೀರಿನಲ್ಲಿ ಸುತ್ತುವುದು ನೋಡಿದರೆ ಆ ತೀರ್ಮಾನ ಸರಿ ಅನಿಸುತ್ತದೆ. ನನಗೆ ಜಾಸ್ತಿ ಇಷ್ಟವಾಗಿದ್ದು ಮ್ಯಾನಟೀ, ನೀರಿನಲ್ಲೇ ಇದ್ದು ಸೊಪ್ಪು ತಿನ್ನುವ ದಪ್ಪ ಪ್ರಾಣಿ. ದೋಣಿಯ ಪ್ರೊಪೆಲರ್‌ಗೆ ಸಿಕ್ಕಿ ಗಾಯವಾದವನ್ನು ತಂದು ಚಿಕಿತ್ಸೆ ಮಾಡಿ, ಆದಷ್ಟೂ ಮತ್ತೆ ನೀರಿಗೆ ಬಿಡುತ್ತಾರೆ. ಒಂದರ ಬೆನ್ನ ಮೇಲೆ ಸಾಲಾಗಿ ಬಿಳಿ ಗಾಯದ ಗೆರೆಗಳಿದ್ದವು. ಅದು ಲೆಟಿಸ್ ಸೊಪ್ಪು ತಿನ್ನುವುದನ್ನು ಗಾಜಿಗೆ ಮೂಗು ಒತ್ತಿ ನೋಡಿದೆ. ಮೇಲ್ತುಟಿ ಎರಡು ಹೋಳು, ಒಂದೊಂದೂ ಬೇರೆ ಬೇರೆಯಾಗಿ ಆಡುತ್ತದೆ, ಅದರಲ್ಲೇ ಎಲೆ ಹಿಡಿದು ಬಾಯೊಳಗೆ ಎಳೆದುಕೊಳ್ಳುತ್ತದೆ. ಉಸಿರಿಗೆ ಮೇಲೆ ಬಂದು, ಮತ್ತೆ ಮುಳುಗುವಾಗ ಮೂಗಿನ ಹೊಳ್ಳೆ ತಾನೇ ಮುಚ್ಚಿಕೊಳ್ಳುತ್ತದೆ. ಆತುರವೇ ಇಲ್ಲದ ಪ್ರಾಣಿ. ಶೋ ಟೈಮು ನೋಡಿಕೊಂಡು ಓಡುವವರು ಇದನ್ನು ಬಿಟ್ಟೇ ಹೋಗುತ್ತಾರೆ.

ಊಟ ಮುಗಿಸುವ ಹೊತ್ತಿಗೆ ಪಡುವಣ ಕಡೆ ಮೋಡ ಕಪ್ಪಾಯಿತು. ಇಲ್ಲಿ ಮಳೆಗಾಲದಲ್ಲಿ ಸಿಡಿಲಿನ ಎಚ್ಚರಿಕೆ ಕೊಡುವ 'ದಾಮಿನಿ', 'ಸಿಡಿಲು' ಆ್ಯಪ್ ನೋಡುವ ಅಭ್ಯಾಸ ನನಗಿದೆ, ಆದರೆ ಅವು ಅಲ್ಲಿಗಲ್ಲ. ಮಗಳ ಕೈಲಿ ಮೊದಲೇ ಅಲ್ಲಿನ ರೇಡಾರ್ ತೋರಿಸುವ ಆ್ಯಪ್ ಹಾಕಿಸಿಕೊಂಡಿದ್ದೆ. ಅದೂ ಇಲ್ಲದಿದ್ದರೆ ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್. ಹಾಗಂತ ದೂರ ಇದೆ ಅಂತ ಸುಮ್ನೆ ನಿಲ್ಲಬೇಡಿ. ಸಿಡಿಲು ಮಳೆ ಬೀಳುವ ಜಾಗದಿಂದ 16 ಕಿಲೋಮೀಟರ್ ಆಚೆಗೂ ಬಡಿಯಬಹುದು. ಗುಡುಗು ಕಿವಿಗೆ ಬಿತ್ತು ಅಂದರೆ ಒಳಗೆ ಹೋಗುವ ಹೊತ್ತು ಬಂತು ಅಂತಲೇ.

ಒಳಗೆ ಅಂದರೆ ಗೋಡೆ ಇರುವ, ವೈರಿಂಗ್, ನಲ್ಲಿ ಪೈಪು ಇರುವ ಪೂರ್ತಿ ಕಟ್ಟಡ. ಮರದ ಕೆಳಗೆ ಬೇಡ, ಛತ್ರಿ ಹಾಕಿದ ಟೇಬಲ್ ಬೇಡ, ನಾಲ್ಕು ಕಂಬದ ಮೇಲೆ ಚಾವಣಿ ಇರುವ ಮಂಟಪವೂ ಬೇಡ, ಕಬ್ಬಿಣದ ಬೇಲಿಗೆ ಒರಗುವುದಂತೂ ಬೇಡವೇ ಬೇಡ. ಹತ್ತಿರ ಏನೂ ಇಲ್ಲ ಅಂದರೆ ಕಿಟಕಿ ಮುಚ್ಚಿದ, ಲೋಹದ ಛಾವಣಿಯ ಕಾರು ಆಗುತ್ತದೆ. ನಮ್ಮ ಜಿಲ್ಲೆಯಲ್ಲೂ ಕುರಿ ಕಾಯುವವರು ಮಳೆಗೆ ಮರದಡಿ ನಿಂತು ಸಿಡಿಲಿಗೆ ಹೋದ ಸುದ್ದಿ ಓದಿರುತ್ತೀರಿ. ಅಷ್ಟಾದರೂ ಅಲ್ಲಿ ಎಲ್ಲ ದೇಶದವರೂ ಸೇರಿ ಮರದ ಕೆಳಗೇ ಓಡುತ್ತಿದ್ದರು, ಏನು ಹೇಳುವುದು!

ನಾವು ಪೆಂಗ್ವಿನ್ ಕಟ್ಟಡಕ್ಕೆ ನುಗ್ಗಿದೆವು. ಒಳಗೆ ಸುಮಾರು ಸೊನ್ನೆ ಡಿಗ್ರಿ, ಮೀನಿನ ವಾಸನೆ. ಹೊರಗಿನ ಸೆಖೆಗೆ ತೆಳು ಬಟ್ಟೆ ಹಾಕಿಕೊಂಡ ಜನ ಗಡಗಡ ನಡುಗುತ್ತಿದ್ದರು. ನಮ್ಮ ಬ್ಯಾಗಿನಲ್ಲಿ ಶಾಲು ಇತ್ತು, ಮ್ಯಾಪಿನ ಜೊತೆ ಓದಿದ್ದರ ಫಲ. ಅಲ್ಲಿಂದ ಶಾರ್ಕ್ ಇರುವ ಕಡೆ ಹೋದೆವು. ನೀರಿನ ಕೆಳಗಿನ ಗಾಜಿನ ಸುರಂಗ, ನೆಲವೇ ಚಲಿಸುತ್ತದೆ, ಮಂಡಿ ನೋವಿನವರಿಗೆ ಒಳ್ಳೆಯದು. ಅಂದ ಹಾಗೆ ಹೊರಡುವ ತಿಂಗಳ ಮೊದಲಿನಿಂದ ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಮಾಡಿ, ಅಲ್ಲಿ ದಿನವೆಲ್ಲ ನಡೆಯುವುದೇ.

ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಾಯಬೇಕು. ಮಳೆ ನಿಂತರೆ ಸಾಲದು. ಆ ಹೊತ್ತಿಗೆ ಅರ್ಧ ಜನ ಮನೆಗೆ ಹೋಗಿರುತ್ತಾರೆ, ಸಾಲು ಕರಗಿರುತ್ತದೆ, ಮೊಮ್ಮಗ ಆಮೇಲೆ ರೈಡುಗಳನ್ನು ಆರಾಮಾಗಿ ಹತ್ತಿದ.

ಚಂಡಮಾರುತದ ವಿಷಯ ಬೇರೆ. ಅದರ ಕಾಲ ಜೂನ್ 1ರಿಂದ ನವೆಂಬರ್ 30, ಜೋರು ಸೆಪ್ಟೆಂಬರ್ ಸುತ್ತಮುತ್ತ. ಅದು ದಿನಗಳ ಮುಂಚೆಯೇ ಗೊತ್ತಾಗುತ್ತದೆ. ಚಂಡಮಾರುತ ಬರಬಹುದು ಅನ್ನುವ 'ವಾಚ್' ಸುಮಾರು 48 ಗಂಟೆ ಮೊದಲು, ಬರುವ ನಿರೀಕ್ಷೆ ಇದೆ ಅನ್ನುವ 'ವಾರ್ನಿಂಗ್' 36 ಗಂಟೆ ಮೊದಲು ಕೊಡುತ್ತಾರೆ. ವಾಚ್ ಬಂದಾಗಲೇ ಪಾರ್ಕಿನ ಆಸೆ ಬಿಟ್ಟು ಮಕ್ಕಳ ಮನೆಯಲ್ಲಿ ನೀರು, ಔಷಧಿ, ಟಾರ್ಚು ಜೋಡಿಸಿಕೊಳ್ಳಿ. ಟಿಕೆಟ್ ಕೊಳ್ಳುವಾಗ, ಪಾರ್ಕು ಮುಚ್ಚಿದರೆ ದಿನ ಬದಲಿಸಿಕೊಡುತ್ತಾರಾ ಅಂತ ಷರತ್ತು ಓದಿಕೊಂಡೇ ದುಡ್ಡು ಕಟ್ಟಿ.